ಬಲವೂ ಆರ್ಜವವೂ

ಎರಡು ವಸ್ತುಗಳು ಒಂದಾಗಬೇಕಾದ ಸ್ಥಳದಲ್ಲಿ ಅವು ಒಂದಾಗದೆ ನಿಂತುಬಿಟ್ಟರೆ ಮನುಷ್ಯನು ಏನು ಮಾಡತಕ್ಕದ್ದು? ಇದು ಬಡಗಿಗೂ ಕಮ್ಮಾರನಿಗೂ ಸಂಬಂಧಪಟ್ಟ ಪ್ರಶ್ನೆಯೆಂದು ಮೇಲ್ನೋಟಕ್ಕೆ ತೋರಬಹುದು. ಸ್ವಲ್ಪ ವಿಚಾರಿಸಿದರೆ ಗೃಹಸ್ಥನನ್ನೂ ಉಪಾಧ್ಯಾಯನನ್ನೂ ಸಭೆಯ ಅಧ್ಯಕ್ಷನನ್ನೂ ಇದು ಬಿಡದೆಂಬುದು ತಿಳಿಯುತ್ತದೆ. ಮಾರ್ಗಗಳೇನೋ ಎರಡೇ: ಬಲವನ್ನು ಪ್ರಯೋಗಿಸಿ ಕೂಡಿಸಿಬಿಡುವುದು ಒಂದು, ಕೂಡದಿರುವುದಕ್ಕೆ ಕಾರಣವೇನೆಂದು ಕೇಳುವುದು ಇನ್ನೊಂದು. ಬಲವಿಲ್ಲದವನು ಎರಡನೆಯದನ್ನು ಹಿಡಿದರೆ ಅದರಲ್ಲಿ ಹೆಚ್ಚಳವೇನೂ ಇಲ್ಲ. ಬಲವು ಕೈಯಲ್ಲಿದ್ದು, ಉಳಿದಿರುವ ಅಂತರವು ಅರ್ಧ ಅಂಗುಲ ಮಾತ್ರವೇ ಆಗಿದ್ದಾಗ ಏನು ಮಾಡಬೇಕೆಂಬುದೇ ನಿಜವಾದ ಧರ್ಮಸಂದೇಹ.

ಈ ಸಂದೇಹವನ್ನು ವಿಚಾರಿಸುವುದಕ್ಕೆ ನಾನು ಆರಿಸಿಕೊಂಡಿರುವ ಉದಾಹರಣೆಯು ದೂರದ್ದು. ಅಮೇರಿಕ ದೇಶದ ಹಳೆಯ ಮೋಟಾರು ಬಂಡಿಯೊಂದಕ್ಕೆ ಸಂಬಂಧಿಸಿದ್ದು. ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೆ ಈ ಉಸಾಬರಿಯೇತಕ್ಕೆಂದು ವಾಚಕರು ನಕ್ಕರೂ ಚಿಂತೆಯಿಲ್ಲ. ಆ ದೇಶದಲ್ಲಿ 'ಮಸಲ್ ಕಾರ್' ಎಂದು ಕರೆಯುವ ಒಂದು ಜಾತಿಯ ಕಾರುಗಳುಂಟು. ಮಧ್ಯಮ ಗಾತ್ರದ ಸಾಮಾನ್ಯ ಕಾರಿನ ಒಡಲಿನಲ್ಲಿ, ಅದರ ಯೋಗ್ಯತೆಗೆ ಮೀರಿದ ದೊಡ್ಡ ಇಂಜಿನನ್ನು ಇಟ್ಟದ್ದರಿಂದ ಇವಕ್ಕೆ ತೋಳ್ಬಲದ ಈ ಹೆಸರು ಬಂದಿತು. 1964ರ ಪಾಂಟಿಯಾಕ್ ಜಿ.ಟಿ.ಓ. ಎಂಬುದನ್ನು ಈ ವರ್ಗದ ಮೂಲಪುರುಷನೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಆ ಗಾತ್ರದ ಕಾರುಗಳಲ್ಲಿ 330 ಘನ ಅಂಗುಲಕ್ಕೆ ಮೀರಿದ ಇಂಜಿನು ಇರಕೂಡದೆಂದು ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ ನಿಯಮವಿತ್ತು. ಪಾಂಟಿಯಾಕ್ ವಿಭಾಗದವರು 389 ಘನ ಅಂಗುಲದ ಇಂಜಿನನ್ನು 'ಬೇಕಾದವರು ಕೇಳಿ ಪಡೆಯಬಹುದಾದ ಹೆಚ್ಚಿನ ಸಾಮಾನು' ಎಂಬ ನೆಪದಲ್ಲಿ ಸೇರಿಸಿ ಆ ನಿಯಮದ ಸಂದಿನಲ್ಲಿ ನುಸುಳಿದರು. ಇಂಜಿನಿನ ಬಲವು 325 ಅಶ್ವಶಕ್ತಿಯೆಂದು ಸಾರಲಾಗಿತ್ತು. ಮೊದಲನೆಯ ವರ್ಷದಲ್ಲಿಯೇ 32,450 ಕಾರುಗಳು ಮಾರಿಹೋದುವು. ಮುಂದೆ 1970ರ ವಾಯುಶುದ್ಧಿಯ ಕಾನೂನೂ 1973ರ ತೈಲದ ಅಭಾವವೂ ಬಂದು ಈ ಸಂತತಿಯು ಕ್ಷೀಣಿಸಿತು. ಪಾಂಟಿಯಾಕ್ ಎಂಬ ಹೆಸರೇ 2010ರಲ್ಲಿ ನಿಂತುಹೋಯಿತು. ಆದರೂ ಅಂಥ ಕಾರುಗಳನ್ನು ಬಿಚ್ಚಿ, ಶುಚಿಮಾಡಿ, ಪುನಃ ಜೋಡಿಸುವವರು ಇಂದಿಗೂ ಅಲ್ಲಿ ಅನೇಕರಿದ್ದಾರೆ. ನಮ್ಮಲ್ಲಿ ಹಳೆಯ ಗುಡಿಗೆ ಜೀರ್ಣೋದ್ಧಾರ ಮಾಡುವವರಿಗಿರುವ ಶ್ರದ್ಧೆಯೇ ಅವರಲ್ಲಿಯೂ ಕಾಣುತ್ತದೆ.

ಈ ಜೋಡಣೆಯಲ್ಲಿ ಅತಿ ಸೂಕ್ಷ್ಮವಾದ ಘಟ್ಟವು ಇಂಜಿನನ್ನೂ ಕ್ಲಚ್ಚನ್ನೂ ಮರಳಿ ಸ್ಥಾನಕ್ಕೆ ಸೇರಿಸುವುದು. ಓಡುತ್ತಿರುವ ಇಂಜಿನಿಗೂ ಚಕ್ರಗಳಿಗೂ ಇರುವ ಸಂಬಂಧವನ್ನು ಬೇಕಾದಾಗ ಕೂಡಿಸಿ ಬೇಡವಾದಾಗ ಬಿಡಿಸುವ ಅಂಗವೇ ಕ್ಲಚ್ಚು. ಇಂಜಿನಿನ ಬೆನ್ನಿಗೆ ಫ್ಲೈವೀಲು ಎಂಬ ಭಾರವಾದ ಚಕ್ರವಿದೆ. ಅದರ ಮುಖಕ್ಕೆ ತಾಗಿಕೊಂಡು ಕ್ಲಚ್ ಪ್ಲೇಟು ಎಂಬ ಬಿಲ್ಲೆ. ಆ ಬಿಲ್ಲೆಯನ್ನು ಸ್ಪ್ರಿಂಗುಗಳ ಬಲದಿಂದ ಅದುಮಿ ಹಿಡಿಯುವುದು ಪ್ರೆಷರ್ ಪ್ಲೇಟು. ಇವೆಲ್ಲವನ್ನೂ ಗಂಟೆಯಾಕಾರದ ಲೋಹದ ಕವಚವು ಮುಚ್ಚಿರುತ್ತದೆ. ಗೇರ್‌ಬಾಕ್ಸಿನಿಂದ ಮುಂದಕ್ಕೆ ಚಾಚಿದ ದಂಡವು ಬಿಲ್ಲೆಯ ನಡುವಣ ಹಲ್ಲುಳ್ಳ ರಂಧ್ರವನ್ನು ಹಾದುಹೋಗಿ, ಇಂಜಿನಿನ ಕ್ರ್ಯಾಂಕಿನ ತುದಿಯಲ್ಲಿರುವ ಕಂಚಿನ ಬುಷ್ಷಿನೊಳಗೆ ತಲೆಯಿಡಬೇಕು. ದಂಡ, ಬಿಲ್ಲೆ, ಬುಷ್ಷು ಈ ಮೂರರ ಕೇಂದ್ರಗಳು ಒಂದೇ ರೇಖೆಯಲ್ಲಿದ್ದರೆ ಮಾತ್ರ ಇದು ಸಾಧ್ಯ. ಆದಕಾರಣ ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಬಿಗಿಯುವುದಕ್ಕೆ ಮೊದಲು ಮರದ್ದೋ ಹಳೆಯ ಗೇರ್‌ಬಾಕ್ಸಿನದೋ ಆದ ಒಂದು ದಂಡವನ್ನು ತೂರಿಸಿ ಬಿಲ್ಲೆಯನ್ನು ನಡುವಿಗೆ ತರುತ್ತಾರೆ; ಆಮೇಲೆ ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತಾರೆ. ಕವಚದ ರಂಧ್ರಕ್ಕೂ ಕ್ರ್ಯಾಂಕಿನ ಕೇಂದ್ರಕ್ಕೂ ಇಂಚಿನ ಸಾವಿರದಲ್ಲಿ 5 ಭಾಗಕ್ಕಿಂತ ಹೆಚ್ಚು ವಾರೆಯಿರಬಾರದೆಂಬುದು ಈ ಕೆಲಸದವರು ಸಾಮಾನ್ಯವಾಗಿ ಇಟ್ಟುಕೊಂಡಿರುವ ಮಿತಿ. ಇದು ನಾವು ಬರೆಯುವ ಕಾಗದದ ದಪ್ಪಕ್ಕಿಂತ ಅಷ್ಟೇನೂ ಹೆಚ್ಚಲ್ಲ. ವಾರೆಯು ಮೀರಿದ್ದರೆ ಅದನ್ನು ನೇರ್ಪಡಿಸುವುದಕ್ಕಾಗಿಯೇ ಇಂಚಿನ ಸಾವಿರದಲ್ಲಿ 7, 14, 21 ಭಾಗಗಳಷ್ಟು ಓರೆಮಾಡಿದ ಪಿನ್ನುಗಳು ದೊರೆಯುತ್ತವೆ.

ಮಿಷಿಗನ್ ಸಂಸ್ಥಾನದಲ್ಲಿ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ ಈ ಕಾರ್ಯವನ್ನು ನಾನು ಪ್ರತ್ಯಕ್ಷವಾಗಿ ಕಂಡೆನು. ನೆರೆಮನೆಯ ವೃದ್ಧರೊಬ್ಬರು 1966ರ ಜಿ.ಟಿ.ಓ. ಒಂದನ್ನು ಜೋಡಿಸುತ್ತಿದ್ದರು, ಹದಿನೇಳು ವರ್ಷದ ನನ್ನ ಮೊಮ್ಮಗನು ಅವರಿಗೆ ಕೈಯಾಳಾಗಿದ್ದನು. ಆರುನೂರು ಪೌಂಡಿಗೂ ಮೀರಿದ ಇಂಜಿನು ಸರಪಳಿಯಲ್ಲಿ ತೂಗುತ್ತಿತ್ತು. ಗೇರ್‌ಬಾಕ್ಸು ಕಾರಿನಲ್ಲಿಯೇ ಜಾಕಿನ ಮೇಲೆ ನಿಂತಿತ್ತು. ಇಂಜಿನನ್ನು ಹಿಂದಕ್ಕೆ ಸರಿಸುತ್ತ ಬಂದು ಇನ್ನೇನು ಕೂಡಿತೆನ್ನುವಷ್ಟರಲ್ಲಿ ಅರ್ಧ ಅಂಗುಲದ ಸಂದು ಉಳಿದು ಕೆಲಸವು ನಿಂತುಹೋಯಿತು. ಹುಡುಗನು ಬೋಲ್ಟನ್ನು ರಂಧ್ರದಲ್ಲಿಟ್ಟು ಸ್ಪ್ಯಾನರನ್ನು ಕೈಗೆ ತೆಗೆದುಕೊಂಡು, "ಇನ್ನು ಏಳೆಂಟು ಸುತ್ತು ತಿರುಗಿಸಿದರೆ ಆಯಿತು, ತಾತ" ಎಂದು ನನ್ನ ಕಡೆ ತಿರುಗಿದನು. ಲೆಕ್ಕವೇನೋ ಸರಿಯಾಗಿತ್ತು. ಆದರೆ ವೃದ್ಧರು ಬಂದು ಅವನ ಕೈಯಿಂದ ಸ್ಪ್ಯಾನರನ್ನು ಮೆಲ್ಲಗೆ ತೆಗೆದುಕೊಂಡರು. ಬೋಲ್ಟಿಗೆ ಎಳೆಯುವುದು ಗೊತ್ತೇ ಹೊರತು ನೋಡುವುದು ಗೊತ್ತಿಲ್ಲವೆಂದೂ, ಸಂದು ತಾನಾಗಿ ಮುಚ್ಚಬೇಕೆಂದೂ ಹೇಳಿದರು. ಬಳಿಕ ದೀಪವನ್ನು ಹಿಡಿದು ಸಂದಿನ ಸುತ್ತಳತೆಯನ್ನು ನೋಡಿದರು. ಮೇಲ್ಗಡೆ ಅಗಲವಾಗಿಯೂ ಕೆಳಗಡೆ ಕಿರಿದಾಗಿಯೂ ಇತ್ತು. ಜಾಕನ್ನು ಒಂದಿಷ್ಟು ಹೊಂದಿಸಿ ಗೇರ್‌ಬಾಕ್ಸಿನ ಓರೆಯನ್ನು ಇಂಜಿನಿನ ಓರೆಗೆ ಸಮಮಾಡಿದರು. ಗೇರನ್ನು ಹಾಕಿಟ್ಟು, ಇಂಜಿನಿನ ಮುಂದಣ ಗಾಲಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಹಲ್ಲಿಗೆ ಹಲ್ಲು ಎದುರಾಗಿದ್ದುದನ್ನು ತಪ್ಪಿಸಿದರು. ಇದಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಕೊನೆಗೆ ಆ ಭಾರವೆಲ್ಲವೂ ಎರಡು ಅಂಗೈಗಳ ಒತ್ತಿಗೆ ಸರಿದು ಮೃದುವಾಗಿ ಕುಳಿತಿತು. ಬೋಲ್ಟುಗಳನ್ನು ಬಿಗಿಯುವುದಕ್ಕೆ ಸ್ಪ್ಯಾನರನ್ನು ಹುಡುಗನ ಕೈಗೆ ಕೊಟ್ಟದ್ದು ಆಮೇಲೆ.

ಬೋಲ್ಟುಗಳಿಂದಲೇ ಎಳೆದಿದ್ದರೆ ಏನಾಗುತ್ತಿತ್ತು? ಸಂದು ಮುಚ್ಚುತ್ತಿತ್ತು, ನೋಡುವವರಿಗೆ ಕೆಲಸವು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಒಳಗೆ ಬಿಲ್ಲೆಯ ನಡುವು ಬಾಗಬಹುದು, ಕಂಚಿನ ಬುಷ್ಷು ನಜ್ಜಾಗಬಹುದು, ಕವಚದ ಕಿವಿ ಸೀಳಬಹುದು. ಅದರ ಫಲವು ಆ ದಿನ ಕಾಣುವುದಿಲ್ಲ. ಕೆಲವು ನೂರು ಮೈಲಿ ಓಡಿದ ಮೇಲೆ ಕ್ಲಚ್ಚು ಪೂರ್ತಿಯಾಗಿ ಬಿಡದೆ, ಗೇರು ಕರಕರನೆ ಅರೆಯುತ್ತದೆ. ಆಗ ದೂರು ಗೇರ್‌ಬಾಕ್ಸಿನ ಮೇಲೆ ಬೀಳುತ್ತದೆ, ಚಾಲಕನ ಮೇಲೆ ಬೀಳುತ್ತದೆ. ಬೋಲ್ಟು ತಿರುಗಿಸಿದವನ ಮೇಲೆ ಬೀಳುವುದಿಲ್ಲ. ಬಲಾತ್ಕಾರದ ದೊಡ್ಡ ದೋಷವು ಇದೇ ಎಂದು ನನಗೆ ತೋರುತ್ತದೆ. ಅದು ಮುರಿಯುತ್ತದೆಂಬುದಷ್ಟೇ ಅಲ್ಲ, ಮುರಿದುದನ್ನು ಮುಚ್ಚಿಯೂ ಬಿಡುತ್ತದೆ. ಫಲವು ತಡವಾಗಿ ಬರುವುದರಿಂದ ಕರ್ತೃವಿಗೆ ತನ್ನ ಕರ್ಮದ ಗುರುತು ಸಿಕ್ಕುವುದಿಲ್ಲ.

ನಮ್ಮ ಶಾಸ್ತ್ರಗಳಲ್ಲಿ 'ಆರ್ಜವ' ಎಂಬ ಗುಣವೊಂದನ್ನು ಹೇಳಿದ್ದಾರೆ. ಋಜುವಿನ ಭಾವವು ಆರ್ಜವ, ಋಜುವೆಂದರೆ ನೇರವಾದದ್ದು. ನಾವು ಇದನ್ನು ಪ್ರಾಮಾಣಿಕತೆ, ಕಪಟವಿಲ್ಲದಿರುವಿಕೆ ಎಂದು ಮಾತ್ರ ಅರ್ಥಮಾಡುವುದುಂಟು. ಅದು ತಪ್ಪಲ್ಲ, ಆದರೆ ಶಬ್ದದ ಮೂಲದಲ್ಲಿರುವ ರೇಖೆಯ ನೇರವನ್ನು ಮರೆಯಬಾರದು. ಎರಡು ದಂಡಗಳು ಒಂದೇ ಸೂತ್ರದಲ್ಲಿ ನಿಲ್ಲುವುದೂ ಆರ್ಜವವೇ. ಭಗವದ್ಗೀತೆಯ 13ನೆಯ ಅಧ್ಯಾಯದಲ್ಲಿ ಜ್ಞಾನದ ಲಕ್ಷಣಗಳನ್ನು ಎಣಿಸುವಾಗ ಅಹಿಂಸೆ, ಕ್ಷಾಂತಿ, ಆರ್ಜವ ಎಂಬ ಮೂರೂ ಒಂದರ ಬೆನ್ನಿಗೊಂದು ಬಂದಿವೆ. ಈ ಕ್ರಮವನ್ನು ನಾನು ಪಾಠಹೇಳುವಾಗ ಎಷ್ಟೋ ಸಲ ಉಚ್ಚರಿಸಿದ್ದರೂ, ಆ ಗ್ಯಾರೇಜಿನಲ್ಲಿ ಅದಕ್ಕೊಂದು ಹೊಸ ಬೆಳಕು ಬಂದಿತು. ನೋಯಿಸದಿರುವವನಿಗೆ ತಾಳ್ಮೆ ಬೇಕು. ತಾಳ್ಮೆಯುಳ್ಳವನಿಗೆ ಮಾತ್ರ ನೇರವು ಎಲ್ಲಿ ತಪ್ಪಿದೆಯೆಂಬುದು ಕಾಣುತ್ತದೆ. ತೋಳ್ಬಲದ ಹೆಮ್ಮೆಗಾಗಿ, ಅದೂ ನಿಯಮಕ್ಕೆ ವಕ್ರವಾಗಿ ಹುಟ್ಟಿದ ಆ ಕಾರು ಕೂಡ ಪುನಃ ಕೂಡಬೇಕಾದರೆ ತೋಳ್ಬಲವನ್ನು ಬದಿಗಿಟ್ಟು ಆರ್ಜವಕ್ಕೆ ಶರಣಾಗಬೇಕಾಯಿತು!

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಹಾಗಾದರೆ ಬಲವು ಸರ್ವಥಾ ತ್ಯಾಜ್ಯವೇ? ಬಿಗಿಯದ ಬೋಲ್ಟು ಕಳಚುವುದಿಲ್ಲವೇ? ಇದಕ್ಕೆ ಸಮಾಧಾನವೇನೆಂದರೆ, ಬಲಕ್ಕೂ ಸ್ಥಾನವುಂಟು. ಆದರೆ ಅದು ಕೂಡಿದ ಮೇಲಣ ಸ್ಥಾನ. ಫ್ಲೈವೀಲಿನ ಬೋಲ್ಟುಗಳನ್ನು ಇಷ್ಟೇ ಬಲದಿಂದ ಬಿಗಿಯಬೇಕೆಂದು ಲೆಕ್ಕವಿದೆ. ಅದಕ್ಕೆ ಅಳತೆಯ ಸ್ಪ್ಯಾನರೂ ಇದೆ. ಅದಕ್ಕಿಂತ ಕಡಮೆಯಾದರೂ ಅಪಾಯವೇ. ಅತಿವೇಗದಲ್ಲಿ ತಿರುಗುವ ಈ ಅಂಗಗಳು ಸಿಡಿದರೆ ಆಗುವ ಅನರ್ಥವು ಸಣ್ಣದಲ್ಲ. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯದ ಲಯನ್ಸ್ ಪಂದ್ಯದ ಹಾದಿಯಲ್ಲಿ, ಪ್ರಸಿದ್ಧ ಸ್ಪರ್ಧಿ ಡಾನ್ ಗಾರ್ಲಿಟ್ಸ್ ಅವರ ಓಟದ ಬಂಡಿಯ ಗೇರಿನ ಭಾಗವು ಸಿಡಿದು, ಬಂಡಿಯು ಎರಡು ತುಂಡಾಯಿತು. ಅವರ ಬಲಪಾದದ ಒಂದು ಭಾಗವು ಹೋಯಿತು. ಆಗಿನ ರೂಢಿಯಂತೆ ಅಂಥ ಬಂಡಿಗಳಲ್ಲಿ ಇಂಜಿನು ಮುಂದೆಯೂ ಸವಾರನು ಅದರ ಬೆನ್ನಿಗೂ ಇರುತ್ತಿದ್ದರು. ಅವರು ಚೇತರಿಸಿಕೊಂಡು ಇಂಜಿನನ್ನು ತಮ್ಮ ಹಿಂದಕ್ಕೆ ಸರಿಸಿದ ಹೊಸ ಬಂಡಿಯನ್ನು ರಚಿಸಿ, 1971ರಲ್ಲಿ ಅದರಲ್ಲಿಯೇ ಗೆದ್ದರು. ಬಲವನ್ನು ಅವರು ಬಿಡಲಿಲ್ಲ. ಅದು ಇರತಕ್ಕ ಸ್ಥಾನವನ್ನು ವಿಚಾರಿಸಿದರು.

ಇನ್ನೊಂದು ಆಕ್ಷೇಪ: ಎಷ್ಟು ತಾಳಿದರೂ ಕೂಡದಿರುವ ವಸ್ತುಗಳಿಲ್ಲವೇ? ಉಂಟು. ಅಂಥ ಕಾರುಗಳಲ್ಲಿ ಹೆಚ್ಚಾಗಿ ಬಳಸುತ್ತಿದ್ದ ಮನ್ಸಿ ಗೇರ್‌ಬಾಕ್ಸಿನ ದಂಡಕ್ಕೆ ಮೊದಲಿನ ವರ್ಷಗಳಲ್ಲಿ 10 ಹಲ್ಲುಗಳಿದ್ದುವು. ಅನಂತರ 26 ಹಲ್ಲುಗಳ ದಂಡವು ಬಂದಿತು. ಹತ್ತರ ಬಿಲ್ಲೆಗೆ ಇಪ್ಪತ್ತಾರರ ದಂಡವು ಎಂದಿಗೂ ಕೂಡದು. ವ್ಯಾಕರಣದಲ್ಲಿಯೂ ಹೀಗೆಯೇ. ಸಂಧಿಯು ಅಕ್ಷರಗಳ ಧರ್ಮವೆಂದು ಕಲಿಸಿದ ಪಾಣಿನಿಯೇ, ದ್ವಿವಚನದ ಕೊನೆಯ ಈಕಾರ ಊಕಾರ ಏಕಾರಗಳಿಗೆ 'ಪ್ರಗೃಹ್ಯ'ವೆಂದು ಹೆಸರಿಟ್ಟು, ಅವು ಮುಂದಣ ಸ್ವರದೊಡನೆ ಕೂಡದೆ ತಮ್ಮಷ್ಟಕ್ಕೆ ನಿಲ್ಲಬೇಕೆಂದು ಅಪ್ಪಣೆಕೊಟ್ಟನು. ಇಂಥ ಕಡೆಯಲ್ಲಿ ಕೂಡದೆಂದು ಒಪ್ಪಿಕೊಳ್ಳುವುದೇ ಆರ್ಜವ. ಆದರೆ ಕೂಡದಿರುವುದು ಯಾವುದು, ಓರೆಯಾದ್ದರಿಂದ ತಡೆದು ನಿಂತಿರುವುದು ಯಾವುದು ಎಂಬ ವಿವೇಕವು ದೀಪ ಹಿಡಿದು ನೋಡಿದವನಿಗೇ ಹೊರತು ಸ್ಪ್ಯಾನರು ಹಿಡಿದವನಿಗೆ ಬರುವುದಿಲ್ಲ.

ಈಗ ಮನೆಯ ಕಡೆಗೆ ತಿರುಗೋಣ. ಗಣಿತದಲ್ಲಿ ತಡೆದು ನಿಂತ ಹುಡುಗನನ್ನು ಬೆತ್ತದಿಂದ ಎಳೆದು ಮಗ್ಗಿಗೆ ಕೂಡಿಸಬಹುದು. ಹಾಗೆ ಕೂಡಿಸಿದವರನ್ನು ನಾವೆಲ್ಲರೂ ಕಂಡಿದ್ದೇವೆ. ಮಗ್ಗಿಯು ಬಾಯಿಗೆ ಬರುತ್ತದೆ, ಪರೀಕ್ಷಕನು ಮೆಚ್ಚುತ್ತಾನೆ. ಹತ್ತು ವರ್ಷದ ಮೇಲೆ ಲೆಕ್ಕವೆಂದರೆ ಎದೆ ನಡುಗುವ ಗೃಹಸ್ಥನನ್ನು ನೋಡಿ, ಆ ನಜ್ಜು ಯಾವ ದಿನ ಆದದ್ದೆಂದು ಯಾರು ಹೇಳಬಲ್ಲರು? ಹೊಸದಾಗಿ ಮನೆಗೆ ಬಂದ ಸೊಸೆಯನ್ನು ಮನೆಯ ಪದ್ಧತಿಗೆ ಹೊಂದಿಸುವಾಗಲೂ ಹೀಗೆಯೇ. ಅತ್ತೆಗೆ ಅಧಿಕಾರವಿದೆ, ಮಗನ ಮೌನವಿದೆ, ಬಂಧುಗಳ ಮಾತಿದೆ, ಬೋಲ್ಟುಗಳಿಗೆ ಕೊರತೆಯಿಲ್ಲ. ಸಂದು ಮುಚ್ಚುತ್ತದೆ; ನೆಂಟರು ಮನೆಯು ಒಂದಾಗಿದೆಯೆನ್ನುತ್ತಾರೆ. ಒಳಗೆ ಬಾಗಿದುದೇನೆಂಬುದು ಅವಳಿಗೆ ಮಾತ್ರ ಗೊತ್ತು. ಅಲ್ಲಿ ಕೇಳತಕ್ಕ ಪ್ರಶ್ನೆಯು ಅವಳು ಏತಕ್ಕೆ ಕೂಡಲೊಲ್ಲಳೆಂಬುದಲ್ಲ, ಓರೆಯು ಯಾವ ಕಡೆಯದೆಂಬುದು. ಆ ವೃದ್ಧರು ಮೊದಲು ಸರಿಪಡಿಸಿದ್ದು ಹೊಸದಾಗಿ ಬರುತ್ತಿದ್ದ ಇಂಜಿನನ್ನಲ್ಲ, ಮೊದಲಿನಿಂದ ಅಲ್ಲಿಯೇ ಇದ್ದ ಗೇರ್‌ಬಾಕ್ಸನ್ನು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಜಡವಸ್ತುವಿನಿಂದ ಚೇತನಕ್ಕೆ ಧರ್ಮವನ್ನು ಹೇಗೆ ಊಹಿಸಬಹುದೆಂದು ತಾರ್ಕಿಕರು ಕೇಳಿದರೆ, ನನ್ನ ಉತ್ತರವು ಇಷ್ಟೆ: ಇಲ್ಲಿ ಪರೀಕ್ಷೆಗೆ ನಿಂತದ್ದು ಲೋಹವಲ್ಲ, ಲೋಹದ ಮುಂದೆ ನಿಂತ ಮನುಷ್ಯನ ಮನಸ್ಸು. ಕಬ್ಬಿಣಕ್ಕೆ ನೋವಿಲ್ಲದಿದ್ದರೂ ಅದರ ತಡೆಯನ್ನು ಮಾತೆಂದು ಭಾವಿಸಿ ಕೇಳಿಸಿಕೊಂಡವನು, ನೋವುಳ್ಳ ಪ್ರಾಣಿಯ ತಡೆಯನ್ನು ಹಟವೆಂದು ತಳ್ಳಿಬಿಡಲಾರನು. ಬಲವುಳ್ಳವರಾದ ನಾವು, ತಂದೆಯಾಗಲಿ ಗುರುವಾಗಲಿ ಮನೆಯ ಹಿರಿಯಳಾಗಲಿ, ಕೊನೆಯ ಅರ್ಧ ಅಂಗುಲದಲ್ಲಿ ಕೈ ತಡೆದು ಒಮ್ಮೆ ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳತಕ್ಕದ್ದು. ಅದಕ್ಕೆ ಒಂದು ಗಂಟೆ ಹೆಚ್ಚು ಹಿಡಿಯಬಹುದು; ಒಂದು ವರ್ಷವೂ ಹಿಡಿಯಬಹುದು. ಅಷ್ಟು ಕಾಲವನ್ನು ಕೊಡಲಾರೆವೆನ್ನುವವರಿಗೆ ಎರಡು ಜೀವಗಳನ್ನು ಕೂಡಿಸುವ ಅಧಿಕಾರವೂ ಇಲ್ಲವೆಂದೇ ನನ್ನ ಅಭಿಪ್ರಾಯ.