ಗಿಡ ನೋಡುವವರು

ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ದೇಶಾಂತರ ಹೊರಟ ಅಣ್ಣ ಅಂಗಳದಲ್ಲಿ ಒಂದು ಗಿಡ ನೆಟ್ಟು ಹೋಗುತ್ತಿದ್ದ. ‘ಇದು ಹಸಿರಾಗಿರುವಷ್ಟು ದಿನ ನಾನು ಚೆನ್ನಾಗಿದ್ದೇನೆ ಅಂತ ತಿಳಿ, ಬಾಡಿದರೆ ಹುಡುಕಿಕೊಂಡು ಬಾ’ ಎಂದು ತಂಗಿಗೆ ಹೇಳುತ್ತಿದ್ದ. ಕೇಳುತ್ತಾ ಕೂತ ನನ್ನ ಮನಸ್ಸೆಲ್ಲ ಅಣ್ಣನ ಕುದುರೆಯ ಹಿಂದೆಯೇ ಓಡುತ್ತಿತ್ತು. ಅಷ್ಟು ದೂರದವನ ಸಂಕಟ ಗಿಡಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ. ಆ ಪ್ರಶ್ನೆ ನನಗೆ ಎದ್ದದ್ದು ಐವತ್ತು ದಾಟಿದ ಮೇಲೆ, ದಿನಾ ಬೆಳಿಗ್ಗೆ ಆರೂವರೆಗೆ ಫೋನಿನಲ್ಲಿ ಮೂಡುವ ಒಂದು ಅಂಕಿಯಿಂದ.

ಅದು ಅಮ್ಮನ ತೂಕ. ಅಮ್ಮ ಸಾಗರದ ಹತ್ತಿರದ ಹಳ್ಳಿಯಲ್ಲಿ, ನಾನು ಬೆಂಗಳೂರಿನಲ್ಲಿ. ಅವಳ ಹೃದಯದ ಬಲ ಕುಗ್ಗಿ ಮೂರು ವರ್ಷವಾಯಿತು. ಮುಖ ತೊಳೆದು, ಕಾಫಿಗೆ ಮುಂಚೆ, ಗೋಡೆಗೆ ಕೈಯಾನಿಸಿಕೊಂಡು ತೂಕದ ಯಂತ್ರ ಹತ್ತುತ್ತಾಳೆ. ಅಂಕಿ ಕುಣಿದು ನಿಲ್ಲುವವರೆಗೆ ಉಸಿರು ಬಿಗಿಹಿಡಿಯುತ್ತಾಳೆ, ಹಾಗೆ ಮಾಡಬೇಕೆಂದು ಯಾರೂ ಹೇಳಿಲ್ಲ. ಆಮೇಲೆ ತೋಳಿಗೆ ಬಿಪಿ ಪಟ್ಟಿ, ಬೆರಳಿಗೆ ಆಕ್ಸಿಮೀಟರ್. ಮೂರರ ಲೆಕ್ಕವೂ ತಾನಾಗಿಯೇ ಆಸ್ಪತ್ರೆಗೆ ಹೋಗುತ್ತದೆ, ನನಗೂ ಬರುತ್ತದೆ. ಹೃದಯ ಸೋತವರ ತೂಕ ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮೈ ತುಂಬಿಕೊಂಡದ್ದಲ್ಲ, ನೀರು ನಿಂತದ್ದು. ಎಷ್ಟೋ ಸಲ ಕಾಲು ಊದಿಕೊಳ್ಳುವ ಮೊದಲೇ, ರಾತ್ರಿ ಇನ್ನೊಂದು ದಿಂಬು ಬೇಕೆನಿಸುವ ಮೊದಲೇ ಯಂತ್ರದ ಮೇಲೆ ಅದು ಕಾಣಿಸಿಕೊಂಡಿರುತ್ತದೆ.

ಕಳೆದ ಬೇಸಿಗೆಯಲ್ಲಿ 48.6 ಇದ್ದದ್ದು ಮೂರೇ ದಿನಕ್ಕೆ 50.7 ಆಯಿತು. ನಾನು ಗಾಬರಿಯಾಗಿ ಫೋನ್ ಎತ್ತುವಷ್ಟರಲ್ಲಿ ಆಸ್ಪತ್ರೆಯ ನರ್ಸ್ ಅಮ್ಮನ ಜತೆ ಮಾತಾಡಿ ಮುಗಿಸಿದ್ದರು. ಅವರು ಕೇಳಿದ ಮೊದಲ ಪ್ರಶ್ನೆ, “ಅಮ್ಮಾ, ಮನೆಯಲ್ಲಿ ಹಪ್ಪಳ ಏನಾದ್ರೂ ಮಾಡಿದ್ರಾ?” ಮಾಡಿದ್ದರು, ಹಲಸಿನ ಹಪ್ಪಳ. ಉಪ್ಪು ಸರಿಯಿದೆಯೇ ಎಂದು ಹಸಿ ಹಿಟ್ಟು ನೋಡಿದ್ದು, ಒಣಗಿದ ಮೇಲೆ ಸುಟ್ಟು ತಿಂದದ್ದು, ಎಲ್ಲವನ್ನೂ ಅಮ್ಮ ಒಪ್ಪಿಕೊಂಡಳು. ನೀರು ಹೋಗುವ ಮಾತ್ರೆ ಮೂರು ದಿನಕ್ಕೆ ಅರ್ಧ ಹೆಚ್ಚಾಯಿತು. ಆಸ್ಪತ್ರೆಗೆ ಸೇರುವುದು ತಪ್ಪಿತು. ಅಮ್ಮ ನನಗೆ ಹೇಳಿದ್ದು ಮಾತ್ರ ಬೇರೆ: “ಎಂತ ಆಗಿಲ್ಲ ಮಾರಾಯ್ತಿ, ಆರಾಮಿದ್ದೀನಿ. ಆದ್ರೆ ಹಪ್ಪಳದ ವಿಷಯ ಆ ಹುಡುಗಿಗೆ ಹೇಗೆ ಗೊತ್ತಾಯ್ತು?”

ಗಿಡಕ್ಕೆ ಹೇಗೆ ಗೊತ್ತಾಯಿತು?

ಮೈ ಎಂದೂ ಸುಮ್ಮನಿರಲಿಲ್ಲ, ಕೇಳಿಸಿಕೊಳ್ಳುವ ಕಿವಿ ನಮಗಿರಲಿಲ್ಲ. ನೆದರ್‌ಲ್ಯಾಂಡ್ಸಿನ ಲೈಡನ್ನಿನಲ್ಲಿ ವಿಲ್ಲೆಮ್ ಐಂಥೋವನ್ ಹೃದಯದ ವಿದ್ಯುತ್ತನ್ನು ಬರೆದುಕೊಳ್ಳಲು ಕಟ್ಟಿದ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ಅದನ್ನು ರೋಗಿಯ ಬಳಿಗೆ ಒಯ್ಯುವಂತಿಲ್ಲ. ಹಾಗಾಗಿ ಆತ 1905ರಲ್ಲಿ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕ ಹೃದಯದ ಬಡಿತವನ್ನೇ ತರಿಸಿಕೊಂಡ. ರೋಗಿ ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲು ಅದ್ದಿ ಕೂರುತ್ತಿದ್ದ, ಊರಿನ ಇನ್ನೊಂದು ತುದಿಯಲ್ಲಿ ಅವನ ಎದೆ ಗೆರೆಯಾಗಿ ಮೂಡುತ್ತಿತ್ತು. ಆ ಉಪ್ಪುನೀರಿನ ಚಿತ್ರ ನನ್ನನ್ನು ಬಿಡುವುದಿಲ್ಲ. ಈಗ ನಮ್ಮಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ವೈದ್ಯರು ಕೂತಲ್ಲೇ ನೋಡಿ ಹೇಳುತ್ತಾರೆ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ತಾಲ್ಲೂಕಿನಲ್ಲೇ ಬೀಳುತ್ತದೆ. ಹೋಗುತ್ತಿರುವುದು ಐಂಥೋವನ್ ತರಿಸಿಕೊಂಡ ಅದೇ ಗೆರೆ.

ಇದಕ್ಕಿಂತ ಸೂಕ್ಷ್ಮವಾದ ಕಿವಿಯೂ ಈಗ ಇದೆ. ಶ್ವಾಸಕೋಶಕ್ಕೆ ಹೋಗುವ ರಕ್ತನಾಳದೊಳಗೆ ಇಡುವ ಒಂದು ಪುಟ್ಟ ಸೆನ್ಸರ್‌ಗೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಬ್ಯಾಟರಿ ಇಲ್ಲ. ರೋಗಿ ಒಂದು ವಿಶೇಷ ದಿಂಬಿನ ಮೇಲೆ ಮಲಗಿದರೆ ದಿಂಬೇ ಅದಕ್ಕೆ ಹೊರಗಿನಿಂದ ಚೇತನ ಕೊಟ್ಟು, ಒಳಗಿನ ಒತ್ತಡ ಎಷ್ಟೆಂದು ಕೇಳಿಕೊಳ್ಳುತ್ತದೆ. ಉಸಿರು ಕಟ್ಟುವುದಕ್ಕೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಮುಂಚೆ ಆ ಒತ್ತಡ ಏರತೊಡಗುತ್ತದೆಯಂತೆ. ‘ಆರಾಮಿದ್ದೀನಿ’ ಎಂದು ಅಮ್ಮ ಹೇಳುವಾಗ ಅವಳು ಸುಳ್ಳು ಹೇಳುವುದಿಲ್ಲ. ಅವಳಿಗಿನ್ನೂ ಸುದ್ದಿ ಮುಟ್ಟಿರುವುದಿಲ್ಲ ಅಷ್ಟೆ.

ಕೇಳಿಸಿಕೊಂಡದ್ದನ್ನೆಲ್ಲ ಒಟ್ಟು ಮಾಡಿ ಕಂಪ್ಯೂಟರಿನೊಳಗೆ ಇನ್ನೊಂದು ಮೈ ಕಟ್ಟಿದರೆ ಅದೇ ಡಿಜಿಟಲ್ ಅವಳಿ. ‘ಪಡಿಯಚ್ಚು’ ಎನ್ನುವವರಿದ್ದಾರೆ, ನನಗೆ ‘ಅವಳಿ’ಯೇ ಸರಿ ಕಾಣುತ್ತದೆ. ಅಚ್ಚು ಒತ್ತಿದಲ್ಲಿಗೆ ನಿಂತುಬಿಡುತ್ತದೆ, ಅವಳಿ ಜತೆಜತೆಗೆ ಬಾಳುತ್ತದೆ. 1960ರಲ್ಲಿ ಡೆನಿಸ್ ನೋಬಲ್ ಎಂಬ ಇಂಗ್ಲಿಷ್ ತರುಣ ಹೃದಯದ ಒಂದೇ ಒಂದು ಜೀವಕೋಶದ ಮಿಡಿತವನ್ನು ಸಮೀಕರಣಗಳಲ್ಲಿ ಬರೆದು ಕಂಪ್ಯೂಟರಿನಲ್ಲಿ ಮಿಡಿಸಿದ. ಈಗ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಟಾಲಿಯಾ ಟ್ರಯನೋವಾ ಅವರ ತಂಡ ಬಡಿತ ಹಳಿ ತಪ್ಪಿದ ರೋಗಿಯ ಎಂಆರ್‌ಐ ನೋಡಿ ಅವನದೇ ಹೃದಯ ಕಟ್ಟುತ್ತದೆ. ಹಳೆಯ ಗಾಯದ ಕಲೆ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ. ಎಲ್ಲಿ ಸುಟ್ಟರೆ ಬಡಿತ ಹಳಿಗೆ ಬರುತ್ತದೆ ಎಂದು ಮೊದಲು ಅದರ ಮೇಲೆ ನೋಡುತ್ತಾರೆ. ತಪ್ಪೆಲ್ಲ ಅವಳಿಯ ಮೇಲೆ ಆಗಿಹೋಗುತ್ತದೆ, ಅದಕ್ಕೆ ನೋವಿಲ್ಲ.

ಅಮ್ಮನಿಗೆ ಅಂಥ ಅವಳಿ ಇಲ್ಲ, ಇರುವುದು ಮೂರು ಅಂಕಿ. ಇದ್ದಿದ್ದರೆ ಎಂದು ಮಾತ್ರ ಆಸೆಯಾಗುತ್ತದೆ. ನೀರು ಹೋಗುವ ಮಾತ್ರೆ ಹೃದಯಕ್ಕೆ ಬೇಕು, ಜಾಸ್ತಿಯಾದರೆ ಕಿಡ್ನಿಗೆ ಕಷ್ಟ. ಹೃದಯದ ಡಾಕ್ಟರು ಏರಿಸಿದ್ದನ್ನು ಕಿಡ್ನಿ ಡಾಕ್ಟರು ಇಳಿಸುತ್ತಾರೆ. ಎರಡೂ ಚೀಟಿಗಳನ್ನು ಅಮ್ಮ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಡುತ್ತಾಳೆ. ಇಬ್ಬರೂ ಸೇರಿರುವುದು ಆ ಚೀಲದಲ್ಲಿ ಮಾತ್ರ. ಒಂದೇ ಮೈಯನ್ನು ಇಬ್ಬರೂ ಎದುರಿಗಿಟ್ಟುಕೊಂಡು, ಅರ್ಧ ಮಾತ್ರೆ ಏರಿಸಿದರೆ ನಾಳೆ ಏನಾದೀತು ಎಂದು ಒಟ್ಟಿಗೆ ನೋಡುವ ದಿನ ಬೇಗ ಬರಲಿ.

ಆದರೂ ಅಜ್ಜಿಯ ಕತೆಗೆ ಮರಳಿದಾಗ ಈಗ ನನ್ನ ಕಣ್ಣು ಗಿಡದ ಮೇಲೂ ನಿಲ್ಲುವುದಿಲ್ಲ. ಎದ್ದ ಕೂಡಲೇ ಅಂಗಳಕ್ಕೆ ಬರುತ್ತಿದ್ದ ಆ ತಂಗಿಯನ್ನು ನೋಡುತ್ತೇನೆ. ಕತೆ ಅವಳಿಗೆ ಕೊಟ್ಟದ್ದು ಒಂದೇ ವಾಕ್ಯ, ದಿನಾ ನೀರು ಹಾಕಿ ನೋಡುತ್ತಿದ್ದಳು ಎಂದು. ಎಷ್ಟು ವರ್ಷ ನೋಡಿದಳೋ.

ಇವತ್ತು ಆರೂವರೆಗೆ ಅಂಕಿ ಬರಲಿಲ್ಲ. ಏಳು ಗಂಟೆಗೂ ಇಲ್ಲ. ಫೋನ್ ಮಾಡಿದೆ. ರಾತ್ರಿಯಿಡೀ ಮಳೆಯಂತೆ, ಕರೆಂಟಿಲ್ಲ, ವೈಫೈ ಇಲ್ಲ. “ಆ ಹುಡುಗಿ ಆಗ್ಲೇ ಫೋನ್ ಮಾಡಿತ್ತು,” ಅಂದಳು ಅಮ್ಮ. ನನಗೂ ಹೇಳು ಅಂದೆ. ಕನ್ನಡಕ ಹುಡುಕುವ ಸದ್ದು, ಹೆಂಚಿನ ಮೇಲೆ ಮಳೆ, ಮತ್ತೆ ಆ ಬಿಗಿಹಿಡಿದ ಉಸಿರು.

“ನಲವತ್ತೆಂಟು ಪಾಯಿಂಟ್ ಎಂಟು.”