ಪರಿಗ್ರಹದ ಗೆರೆ ಮತ್ತು ಕಾಫಿಯ ಯಂತ್ರ

ಗೃಹಸ್ಥನು ಮಹಾವ್ರತಿಯಲ್ಲ. ಹೊಲ, ಮನೆ, ಪಾತ್ರೆಪರಿಕರಗಳಿಲ್ಲದೆ ಅವನ ಸಂಸಾರ ಸಾಗದು. ಆದುದರಿಂದಲೇ ಆಚಾರ್ಯರು ಅವನಿಗೆ ಸರ್ವಸಂಗಪರಿತ್ಯಾಗವನ್ನು ವಿಧಿಸದೆ ಪರಿಗ್ರಹಪರಿಮಾಣವೆಂಬ ಅಣುವ್ರತವನ್ನು ವಿಧಿಸಿದರು. ಇಷ್ಟು ಸಾಕೆಂದು ಮೊದಲೇ ಗೆರೆಯೆಳೆದುಕೊಳ್ಳುವುದು ಈ ವ್ರತದ ತಿರುಳು. ಗೆರೆಯನ್ನು ದಾಟಿಸಬಲ್ಲ ವಸ್ತುವೊಂದು ಬಾಗಿಲಿಗೆ ಬಂದಾಗಲೇ ಆ ವ್ರತದ ಪರೀಕ್ಷೆ.

ಕೊಡಗಿನ ಶನಿವಾರಸಂತೆಯ ಸೀಮೆಯಲ್ಲಿ ಕಾಫಿ ಬೆಳೆಯುವ ಶ್ರಾವಕರ ಮನೆಯೊಂದನ್ನು ಭಾವಿಸಿಕೊಳ್ಳಬಹುದು. ಕೊಂಗಾಳ್ವರ ಕಾಲದ, ಹನ್ನೊಂದನೆಯ ಶತಮಾನದ ಮುಳ್ಳೂರು ಬಸದಿಗಳು ಅಲ್ಲಿಗೆ ಸಮೀಪ. ಗುಣಸೇನ ಪಂಡಿತರು 1064ರಲ್ಲಿ ದೇಹತ್ಯಾಗ ಮಾಡಿದುದನ್ನು ಹೇಳುವ ಶಾಸನವಿರುವುದು ಅದೇ ಮುಳ್ಳೂರಿನಲ್ಲಿ. ಈ ಮನೆಯ ತಾಯಿ ಮುನಿಗಳ ಸನ್ನಿಧಿಯಲ್ಲಿ ಪರಿಗ್ರಹಪರಿಮಾಣವನ್ನು ಸ್ವೀಕರಿಸಿದವಳು. ಮಗನು ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸುತ್ತಿದ್ದಾನೆ. ಬೆಂಗಳೂರಿನ ನೆಂಟರ ಮನೆಯಲ್ಲಿ ಕಂಡಂತೆ, ಗೋಡೆಯ ಕಪಾಟಿನೊಳಗೇ ಕೂಡಿಸುವ ಎಸ್ಪ್ರೆಸೊ ಯಂತ್ರವನ್ನು ತರಬೇಕೆಂಬುದು ಅವನ ಬಯಕೆ. ಬೆಲೆಯನ್ನು ಲಕ್ಷಗಳಲ್ಲಿ ಎಣಿಸಬೇಕು.

ಯಂತ್ರವೇನೋ ಜಾಣ್ಮೆಯದೇ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಇಂತಹ ಯಂತ್ರಕ್ಕೆ ಪೇಟೆಂಟ್ ಕೋರಿದ ಕಾಲದಿಂದ ಅದು ಸುಧಾರಿಸುತ್ತ ಬಂದಿದೆ. ನಯವಾಗಿ ಪುಡಿಮಾಡಿದ ಕಾಫಿಯ ಮೂಲಕ ಬಿಸಿನೀರನ್ನು ವಾಯುಭಾರದ ಸುಮಾರು 9 ಪಟ್ಟು ಒತ್ತಡದಲ್ಲಿ ಹಾಯಿಸಿ, ಅರ್ಧ ನಿಮಿಷದೊಳಗೆ ಗಟ್ಟಿಯಾದ ರಸವನ್ನು ಇಳಿಸುತ್ತದೆ.

"ಅಮ್ಮಾ, ನಿನಗೆ ಶ್ರಮ ತಪ್ಪುತ್ತದೆ" ಎಂದನು ಮಗ.

"ಕಾಫಿ ಇಳಿಸುವುದರಲ್ಲಿ ನನಗೇನು ಶ್ರಮ ಮಗಾ? ಪುಡಿ ಹಾಕಿ ನೀರೆರೆದರೆ ಫಿಲ್ಟರೇ ಇಳಿಸಿಕೊಡುತ್ತದೆ. ಶ್ರಮವಿರುವುದು ನೀರು ಸೋಸುವುದರಲ್ಲಿ. ಅದನ್ನು ನಿನ್ನ ಯಂತ್ರ ಮಾಡುತ್ತದೆಯೇ?"

ಈ ಪ್ರಶ್ನೆ ಸಾಮಾನ್ಯವಾದುದಲ್ಲ. ಬಟ್ಟೆಯಲ್ಲಿ ಸೋಸಿದ ನೀರಿನ ಮರ್ಯಾದೆ ಎರಡು ಘಳಿಗೆ, ಎಂದರೆ 48 ನಿಮಿಷ. ಯಂತ್ರದ ತೊಟ್ಟಿಯಲ್ಲಿ ನೀರು ದಿನವಿಡೀ ನಿಲ್ಲುತ್ತದೆ. ನಲ್ಲಿಗೇ ಜೋಡಿಸುವ ಬಗೆಯದಾದರೆ ಬಟ್ಟೆಯಲ್ಲಿ ಸೋಸುವ ಅವಕಾಶವೇ ಇಲ್ಲ. ಹಾಲು ಹಾಯುವ ಕೊಳವೆಯಲ್ಲಿ ಉಳಿದ ಅಂಶವನ್ನು ಕೂಡಲೇ ತೊಳೆಯದಿದ್ದರೆ ಅದು ಜೀವೋತ್ಪತ್ತಿಗೆ ಎಡೆ. ಪ್ರತಿಸಲವೂ ಸೋಸಿದ ನೀರನ್ನೇ ತುಂಬಿ, ಉಳಿದುದನ್ನು ಹೊರತೆಗೆದು, ಕೊಳವೆಯನ್ನು ತೊಳೆಯುವ ಎಚ್ಚರವುಳ್ಳವರಿಗೆ ಈ ದೋಷವನ್ನು ತಪ್ಪಿಸಲು ಸಾಧ್ಯ. ಆದರೆ ಆಗ ತಪ್ಪಿದ ಶ್ರಮವೆಷ್ಟು? ಆಷಾಢದ ಮಳೆಗಾಳಿಗೆ ವಿದ್ಯುತ್ತು ನಿಂತರೆ ಯಂತ್ರವೂ ನಿಲ್ಲುತ್ತದೆ. ಕೆಟ್ಟರೆ ಗೋಡೆಯಿಂದ ಬಿಚ್ಚಬೇಕು, ರಿಪೇರಿಯವನು ದೂರದ ನಗರದಿಂದ ಬರಬೇಕು. ಹಿತ್ತಾಳೆಯ ಫಿಲ್ಟರಿಗೆ ಇವಾವುವೂ ಇಲ್ಲ.

ಹಾಗೆಂದು ಯಂತ್ರವೇ ಪಾಪವೆನ್ನಲಾಗದು, ಅದು ಅಜೀವ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪರಿಗ್ರಹವೆಂದು ಕರೆದುದು ವಸ್ತುವಿನ ಮೇಲಿನ ಮೂರ್ಛೆಯನ್ನು, ಮಮತೆಯನ್ನು. ಕೈ ನಡುಗುವ ವೃದ್ಧರಿಗೆ ಒಂದು ಗುಂಡಿಯನ್ನೊತ್ತುವುದು ನಿಜವಾದ ಉಪಕಾರವಾದೀತು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಐದು ಅತಿಚಾರಗಳನ್ನೆಣಿಸುವಾಗ ಅತಿಸಂಗ್ರಹ, ಲೋಭಗಳ ಜೊತೆಗೆ ವಿಸ್ಮಯವನ್ನೂ ಸೇರಿಸಿದ್ದಾರೆ. ಪರರ ಸಂಪತ್ತನ್ನು ಕಂಡು ಬೆರಗಾಗುವುದೇ ವಿಸ್ಮಯ. ನೆಂಟರ ಮನೆಯಲ್ಲಿ ಆ ಯಂತ್ರವನ್ನು ಕಾಣದೆ ಇದ್ದಿದ್ದರೆ ಮಗನಿಗೆ ಅದು ಬೇಕೆನಿಸುತ್ತಿತ್ತೇ?

ತಾಯಿ ನಿಷೇಧಿಸಲಿಲ್ಲ. ಅದೇ ಆಚಾರ್ಯರು ಹೇಳಿರುವ ಯಮ-ನಿಯಮಗಳ ಭೇದವನ್ನು ಅವಳು ಬಲ್ಲಳು: ಯಾವಜ್ಜೀವ ಧರಿಸುವುದು ಯಮ, ಕಾಲದ ಮಿತಿಯುಳ್ಳದ್ದು ನಿಯಮ. "ಚಾತುರ್ಮಾಸ ಮುಗಿಯುವವರೆಗೆ ಹೊಸ ವಸ್ತು ಬೇಡವೆಂದು ನಿಯಮ ತೆಗೆದುಕೋ. ಅಷ್ಟಮಿ ಚತುರ್ದಶಿಯ ಉಪವಾಸದ ದಿನ ನಿನ್ನ ಮನಸ್ಸು ಎಲ್ಲಿಗೆ ಹೋಗುತ್ತದೆಂದು ನೋಡಿಕೋ. ದೀಪಾವಳಿ ಕಳೆದ ಮೇಲೂ ಬೇಕೆನಿಸಿದರೆ ಕೊಳ್ಳು. ಆದರೆ ಅದಕ್ಕಾಗಿ ನನ್ನ ಗೆರೆಯನ್ನು ದೊಡ್ಡದು ಮಾಡೆಂದು ಕೇಳಬೇಡ."

ಮೊದಲ ಉಪವಾಸದ ದಿನ ಮಗನಿಗೆ ಮಧ್ಯಾಹ್ನದವರೆಗೂ ಯಂತ್ರದ್ದೇ ಧ್ಯಾನ. ಅದನ್ನು ತಾಯಿಯ ಮುಂದೆ ಒಪ್ಪಿಕೊಂಡನು. ತಿಂಗಳುಗಳು ಕಳೆದಂತೆ ಆ ನೆನಪು ಸವೆಯಿತು. ವೀರನಿರ್ವಾಣದ ದೀಪಾವಳಿ ಬಂದಾಗ, ಗೋಡೆಯಲ್ಲಿ ಬಿಟ್ಟಿದ್ದ ಗೂಡಿನಲ್ಲಿ ಸೋಸಿದ ನೀರಿನ ಕೊಡಗಳು ಕುಳಿತಿದ್ದವು. ಇಟ್ಟವನು ಮಗನೇ.

ಕೊಳ್ಳುವ ಮೊದಲು ಹಣದ ಚೀಲವನ್ನು ನೋಡುವುದು ಲೋಕರೂಢಿ. ಶ್ರಾವಕನು ಅದಕ್ಕೂ ಮೊದಲು ತನ್ನ ಗೆರೆಯನ್ನು ನೋಡಲಿ. ಸಂಶಯವಿದ್ದರೆ ಒಂದು ನಿಯಮದ ಕಾಲ ಕಾಯಲಿ. ಕಾದು ನಿಂತ ಬಯಕೆ ತನ್ನ ನಿಜರೂಪವನ್ನು ತಾನೇ ತೋರುತ್ತದೆ.