ಒಂಟಿ ಮತ

ಆರಿಸಿ ಕಳಿಸಿದ ಜನರ ಮಾತು ಒಂದು ಕಡೆ, ತನ್ನ ಮನಸ್ಸಾಕ್ಷಿ ಇನ್ನೊಂದು ಕಡೆ ಎಳೆದರೆ ಜನಪ್ರತಿನಿಧಿ ಯಾವ ಕಡೆ ನಿಲ್ಲಬೇಕು? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಅಮೆರಿಕದ ಜೆನೆಟ್ ರ್ಯಾಂಕಿನ್ ನೆನಪಾಗುತ್ತಾಳೆ.

ಮೊಂಟಾನಾ ರಾಜ್ಯದಲ್ಲಿ 1880ರಲ್ಲಿ ಹುಟ್ಟಿದವಳು. ಅಲ್ಲಿಯ ಹೆಂಗಸರಿಗೆ ಮತದ ಹಕ್ಕು ಬೇಕೆಂದು ಊರೂರು ಅಲೆದಳು. 1914ರಲ್ಲಿ ಅದು ಸಿಕ್ಕಿತು. 1916ರಲ್ಲಿ ಆಕೆಯೇ ಅಮೆರಿಕದ ಕಾಂಗ್ರೆಸ್ಸಿಗೆ, ಎಂದರೆ ಅಲ್ಲಿಯ ಸಂಸತ್ತಿಗೆ, ಆರಿಸಿ ಬಂದ ಮೊದಲ ಹೆಂಗಸಾದಳು. ದೇಶದ ಎಷ್ಟೋ ರಾಜ್ಯಗಳಲ್ಲಿ ಹೆಣ್ಣಿಗೆ ಆಗಿನ್ನೂ ಮತವೇ ಇರಲಿಲ್ಲ.

ಸಭೆಯಲ್ಲಿ ಕೂತು ನಾಲ್ಕು ದಿನವಾಗಿತ್ತಷ್ಟೆ. 1917ರ ಏಪ್ರಿಲ್ 6ರಂದು ಜರ್ಮನಿಯ ಮೇಲೆ ಯುದ್ಧ ಸಾರುವ ಪ್ರಶ್ನೆ ಮತಕ್ಕೆ ಬಂತು. ಬೇಕೆಂದವರು 373, ಬೇಡವೆಂದವರು 50. ಆ ಐವತ್ತರಲ್ಲಿ ಆಕೆಯೂ ಒಬ್ಬಳು. ಉಳಿದ 49 ಗಂಡಸರ ಹೆಸರು ಯಾರಿಗೆ ನೆನಪಿದೆ? ಅಳುತ್ತ ಮತ ಹಾಕಿದಳು ಎಂದು ಪತ್ರಿಕೆಗಳು ಬರೆದದ್ದು ಮಾತ್ರ ಆಕೆಯ ಬಗ್ಗೆ.

1918ರಲ್ಲಿ ಸೆನೆಟ್ ಚುನಾವಣೆಗೆ ನಿಂತು ಸೋತಳು. ಮತ್ತೆ ಗೆದ್ದದ್ದು 1940ರಲ್ಲಿ, ಅದೂ ದೇಶವನ್ನು ಯುದ್ಧದಿಂದ ದೂರ ಇಡುತ್ತೇನೆಂಬ ಮಾತಿನ ಮೇಲೆಯೇ. ಮರುವರ್ಷ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಜಪಾನಿನ ಬಾಂಬು ಬಿತ್ತು. ಮಾರನೆಯ ದಿನದ ಮತದಾನದಲ್ಲಿ ಯುದ್ಧಕ್ಕೆ ಹೌದೆಂದವರು 388 ಮಂದಿ. ಇಲ್ಲವೆಂದವಳು ರ್ಯಾಂಕಿನ್ ಒಬ್ಬಳೇ. ಹೊರಗೆ ಮುತ್ತಿಕೊಂಡವರಿಂದ ತಪ್ಪಿಸಿಕೊಳ್ಳಲು ಟೆಲಿಫೋನ್ ಬೂತಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪೊಲೀಸರು ಬಂದು ಕಾವಲಿದ್ದು ಕಚೇರಿಗೆ ಮುಟ್ಟಿಸಬೇಕಾಯಿತು.

ಆಕೆ ಮತದಾರರಿಗೆ ದ್ರೋಹ ಮಾಡಿದಳೇ? ಆರಿಸಿ ಕಳಿಸಿದ್ದು 1940ರ ಮೊಂಟಾನಾ. ಸಿಟ್ಟಿಗೆದ್ದದ್ದು 1941ರ ಮೊಂಟಾನಾ. ಕೊಟ್ಟ ಮಾತನ್ನು ಅಕ್ಷರಶಃ ಉಳಿಸಿಕೊಂಡವಳ ಮೇಲೆ ಮಾತು ತಪ್ಪಿದಳೆಂಬ ಆರೋಪ ಹೊರಿಸುವುದು ಕಷ್ಟ. ದಿನಕ್ಕೊಂದು ಗಾಳಿಗೆ ತಿರುಗುವುದಷ್ಟೇ ಪ್ರತಿನಿಧಿಯ ಕೆಲಸವಾದರೆ ಮನುಷ್ಯರನ್ನು ಯಾಕೆ ಕಳಿಸಬೇಕು, ಒಂದು ತಂತಿ ಕಳಿಸಿದರೆ ಸಾಲದೆ?

ಆದರೆ ನನ್ನ ತೊಡಕು ಇಲ್ಲಿಗೆ ಮುಗಿಯುವುದಿಲ್ಲ. ಹಿಟ್ಲರನ ಕೂಟವನ್ನು ಯುದ್ಧವಿಲ್ಲದೆ ತಡೆಯಬಹುದಿತ್ತೆಂದು ನಾನು ನಂಬಲಾರೆ. ಹಾಗಾಗಿ ಆಕೆಯ ತೀರ್ಮಾನ ತಪ್ಪೆಂದೇ ಹೇಳುತ್ತೇನೆ. 388ರ ಎದುರು ನಿಂತ ಒಂದರಿಂದ ಯಾವ ಸೈನಿಕನ ದಾರಿಯೂ ಬದಲಾಗಲಿಲ್ಲ. ಪೆಟ್ಟು ಬಿದ್ದದ್ದು ಆಕೆಗೊಬ್ಬಳಿಗೇ. ಅದಕ್ಕೇ ನಾವು ಆಕೆಯನ್ನು ಇಷ್ಟು ನಿರಾಳವಾಗಿ ಮೆಚ್ಚುತ್ತೇವೆ. ತಕ್ಕಡಿ ಸಮನಾಗಿ ನಿಂತು ಆ ಒಂದೇ ಮತ ಎಲ್ಲವನ್ನೂ ನಿರ್ಧರಿಸುವಂತಿದ್ದರೆ? ಆಗಲೂ ಇಲ್ಲವೆನ್ನುತ್ತಿದ್ದಳೆಂದು ನನಗನ್ನಿಸುತ್ತದೆ. ಆ ಧೈರ್ಯಕ್ಕೆ ಕೈಮುಗಿಯಬೇಕೆನ್ನಿಸುತ್ತದೆ. ಅದರ ಫಲ ನೆನೆದರೆ ಹೆದರಿಕೆಯೂ ಆಗುತ್ತದೆ.

ಮೂರು ದಿನದ ಮೇಲೆ ಜರ್ಮನಿ, ಇಟಲಿಗಳ ಸರದಿ ಬಂದಾಗ ಆಕೆ ಹೌದೂ ಎನ್ನಲಿಲ್ಲ, ಇಲ್ಲವೂ ಎನ್ನಲಿಲ್ಲ. ಹಾಜರಿದ್ದೇನೆ ಎಂದಷ್ಟೇ ಬರೆಸಿದಳು. ಆಕೆಯ ಚರಿತ್ರೆ ಬರೆಯುವವರು ಈ ಮತವನ್ನು ಬೇಗ ದಾಟಿಬಿಡುತ್ತಾರೆ. ನನಗಂತೂ ಆ ಒಂಟಿ ‘ಇಲ್ಲ’ಕ್ಕಿಂತ ಇದೇ ಹೆಚ್ಚು ಹತ್ತಿರದ್ದು.

1942ರಲ್ಲಿ ಆಕೆ ಚುನಾವಣೆಗೆ ನಿಲ್ಲಲಿಲ್ಲ. ಗಾಂಧೀಜಿಯ ದಾರಿಯನ್ನು ತಿಳಿಯುವ ಹಂಬಲದಿಂದ 1946ರ ನಂತರ ಭಾರತಕ್ಕೆ ಹಲವು ಸಲ ಬಂದುಹೋದಳು. 1968ರ ಜನವರಿಯಲ್ಲಿ, ತನ್ನ 87ನೆಯ ವಯಸ್ಸಿನಲ್ಲಿ, ವಿಯೆಟ್ನಾಂ ಯುದ್ಧ ಬೇಡವೆಂದು ಸಾವಿರಾರು ಹೆಂಗಸರೊಂದಿಗೆ ವಾಷಿಂಗ್ಟನ್ನಿನಲ್ಲಿ ನಡೆದು, ತಾನು ಎರಡು ಸಲ ಇಲ್ಲವೆಂದಿದ್ದ ಸಭೆಯ ಸ್ಪೀಕರಿಗೆ ಮನವಿ ಕೊಟ್ಟು ಬಂದಳು.